ಟೈಲರ್ ಮಾಮನ ಕಾಲೂ ಬ್ಯಾಂಡ್‌ಮಾಸ್ಟರ ಕೋಟೂ

"ಒಂದು ಯಃಕಶ್ಚಿತ್ ಉಣುಗಿಗೆ ಹೆದರಿ ನಾನು ಮಾತ್ರೆ ನುಂಗೋದೇ? ಸಾಧ್ಯವೇ ಇಲ್ಲ!"

ಟೈಲರ್ ಮಾಮ ಹೀಗೆ ಘೋಷಿಸಿದ್ದು ಅಂಗಡಿಯ ನಿಲುಗನ್ನಡಿಯ ಮುಂದೆ, ಅದೂ ಒಬ್ಬನೇ ಇದ್ದಾಗ. ಹೆಂಡತಿಯ ಎದುರು ಹೇಳುವಷ್ಟು ವೀರಾವೇಶ ಇನ್ನೂ ಮೈಮೇಲೆ ಬಂದಿರಲಿಲ್ಲ.

ಆದದ್ದಿಷ್ಟು. ರಜೆಯ ದಿನ ನದಿಯಾಚೆಯ ಹುಲ್ಲಿನಲ್ಲಿ ಗೊರಕೆ ಹೊಡೆದು ಬಂದ ಮಾಮನ ಕಾಲಿಗೆ ಒಂದು ಉಣುಗು ಕಚ್ಚಿಕೊಂಡು ಬಂದಿತ್ತು. ಕಿತ್ತು ಬಿಸಾಡಿ ಮರೆತುಬಿಟ್ಟ. ಕೆಲವು ದಿನ ಕಳೆಯುವಷ್ಟರಲ್ಲಿ ಮೀನಖಂಡದ ಮೇಲೆ ಬಳೆಯಂತೆ ದುಂಡಗೆ ಕೆಂಪು ಮೂಡಿತು. ಡಾಕ್ಟ್ರಮ್ಮ ಅದು ಉಣುಗು ಕಚ್ಚಿ ಬರುವ ಲೈಮ್ ರೋಗ ಎಂದರು, ಮಾತ್ರೆ ಬರೆದರು, ಕೆಂಪಿನ ಅಂಚಿಗೆ ಪೆನ್ನಿನಿಂದ ಒಂದು ಗೆರೆಯನ್ನೂ ಎಳೆದರು.

"ಒಂದು ಮಾತ್ರೇನೂ ತಪ್ಪಿಸಬೇಡಿ. ಕೆಂಪು ಈ ಗೆರೆ ದಾಟಿದ್ರೆ ಓಡಿ ಬನ್ನಿ. ಅಸಡ್ಡೆ ಮಾಡಿದ್ರೆ ಕೀಲಿಗೆ ಇಳಿಯುತ್ತೆ. ಆಮೇಲೆ ಮಿಷನ್ ತುಳಿಯೋಕೇ ಆಗಲ್ಲ!"

ಮಿಷನ್ ತುಳಿಯದಿದ್ದರೆ ಮಾಮನ ಬಾಳಿನಲ್ಲಿ ಉಳಿಯುವುದೇನು? ಹೆಂಡತಿ ಅಳತೆ ತೆಗೆದು ಕತ್ತರಿಸುವುದು, ಮಾಮ ಹೊಲಿಯುವುದು, ಇದೇ ಅವರ ಸಂಸಾರ. ಅವಳ ಕಣ್ಣು ಎಂಥದ್ದೆಂದರೆ, ಗಿರಾಕಿ ಬಾಗಿಲು ದಾಟುವಷ್ಟರಲ್ಲಿ ಅವನ ಸೊಂಟ ಕಳೆದ ಸಲಕ್ಕಿಂತ ಎಷ್ಟು ಬೆಳೆದಿದೆಯೆಂದು ಅವಳಿಗೆ ಗೊತ್ತಾಗಿರುತ್ತದೆ. ಬೆಳೆದ ಸೊಂಟಕ್ಕೆ ಹೊಲಿಗೆ ಬಿಚ್ಚಿ ಸಡಿಲ ಬಿಡುವುದರಲ್ಲಿ ಮಾಮನನ್ನು ಮೀರಿಸಿದವರಿಲ್ಲ. ಬಾಗಿಲ ಮೇಲಿನ ಬೋರ್ಡೂ ಅದನ್ನೇ ಸಾರುತ್ತದೆ: "ಇಲ್ಲಿ ಎಲ್ಲ ಬಗೆಯ ಆಲ್ಟರೇಷನ್ ಮಾಡಿಕೊಡಲಾಗುವುದು."

ಆದರೆ ಮಾಮ ಫೋನಿನಲ್ಲಿ ಒಬ್ಬ ಗಡ್ಡದವನ ಉಪನ್ಯಾಸ ಕೇಳಿಬಿಟ್ಟಿದ್ದ. ಬೆಳ್ಳುಳ್ಳಿ ಅರೆದು ಕಟ್ಟಬೇಕಂತೆ, 'ಬೆಕ್ಕಿನ ಉಗುರು' ಅನ್ನುವ ತೊಗಟೆಯನ್ನು ಬೇರು ನಾರುಗಳ ಜೊತೆ ಕುದಿಸಿ ಕುಡಿಯಬೇಕಂತೆ, ಉಣುಗಿನ ವಂಶವೇ ನಿರ್ವಂಶವಂತೆ! ಹಿತ್ತಲ ಗಿಡ ಮದ್ದಲ್ಲ ಅನ್ನುವ ಜನಕ್ಕೆ ಪಾಠ ಕಲಿಸುತ್ತೇನೆಂದು ಮಾಮ ಸೊಂಟ ಕಟ್ಟಿದ. ಮಾತ್ರೆಗಳು ಗುಂಡಿ ಡಬ್ಬಿಯ ತಳ ಸೇರಿದವು.

"ರೀ, ಮಾತ್ರೆ ಆಯ್ತಾ?"

"ಆಯ್ತು ಕಣೇ."

"ಅದೇನ್ರೀ ವಾಸನೆ?"

"ಹೊಸ ಬಟ್ಟೆ. ಗಂಜಿ ಜಾಸ್ತಿ ಹಾಕಿದಾರೆ."

ಅವಳು ಪೇಟೆಗೆ ಹೋದಾಗ ಕಷಾಯ ಕುದಿಯಿತು. ಬಣ್ಣ ಕಡು ಕಂದು, ಕಹಿಯೋ ಕಣ್ಣಲ್ಲಿ ನೀರು ಬರಿಸುವಂಥದ್ದು. ಅಷ್ಟನ್ನೂ ಕ್ಯಾನಿಗೆ ತುಂಬಿ ಮಿಷನ್ನಿನ ಹಿಂದೆ ಬಚ್ಚಿಟ್ಟ. ಆಗಾಗ ಗುಟುಕರಿಸಲೆಂದು ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಗೂ ತುಂಬಿಕೊಂಡ. ಎಂಥ ಬುದ್ಧಿವಂತಿಕೆ! ಅದನ್ನು ಯಾರು ತಾನೆ ಅನುಮಾನಿಸುತ್ತಾರೆ?

ಇತ್ತ ಕಾಲಿನ ಕೆಂಪು ಗೆರೆಯನ್ನು ದಾಟಿತು. ಬೇರೆ ಯಾರೇ ಆಗಿದ್ದರೂ ಡಾಕ್ಟರ ಬಳಿಗೆ ಓಡುತ್ತಿದ್ದರು. ಆದರೆ ಇದು ಹುಟ್ಟು ಟೈಲರನ ಕೈ. ಮಾರ್ಕರ್ ತೆಗೆದುಕೊಂಡ, ಹೊರಗೊಂದು ಹೊಸ ಗೆರೆ ಎಳೆದ, "ಈಗ ಸರಿಹೋಯ್ತು" ಅಂದ. ಕೆಂಪು ಅದನ್ನೂ ದಾಟಿತು. ಮಾಮ ಮತ್ತೂ ಸಡಿಲ ಬಿಟ್ಟ! ಬೆಳ್ಳುಳ್ಳಿ ಕಟ್ಟಿದ ಕಡೆ ಬೊಬ್ಬೆಯೆದ್ದರೆ, ವಿಷ ಹೊರಗೆ ಬರುತ್ತಿದೆಯೆಂದು ಹಿಗ್ಗಿದ. ಮಂಡಿ ಹಿಡಿದುಕೊಂಡಾಗ ಮಾತ್ರ ಎದೆ ಧಸಕ್ಕೆಂದಿತು. ಮಿಷನ್ ತುಳಿಯುವ ಕಾಲೇ ಅದು. ಆದರೂ ಬಾಯಿಬಿಡಲಿಲ್ಲ.

ಒಂದು ಬೆಳಿಗ್ಗೆ ಊರಿನ ಬ್ಯಾಂಡ್‌ಮಾಸ್ಟರ ಬಿಳಿ ಹತ್ತಿಯ ಕೋಟು ಸಿದ್ಧವಾಗಬೇಕಿತ್ತು. ಸಂಜೆಯೇ ಅವರ ಕಾರ್ಯಕ್ರಮ. ಹೆಂಡತಿ ಬಾಟಲಿಯಿಂದ ಚಿಮುಕಿಸಿ ಇಸ್ತ್ರಿ ಇಟ್ಟಳು. ಬುಸ್ಸೆಂದು ಹೊಗೆ! ಹಾಲಿನಂಥ ಕೋಟಿನ ತುಂಬ ಕಂದು ಚುಕ್ಕೆ!

"ರೀ! ನೀರಿಗೆ ಏನಾಗಿದೆ?"

ಮಾಮ ಕುಂಟುತ್ತ ಬಂದ. ಅವಳು ಬಾಟಲಿ ಮೂಸಿದಳು. ಕೋಟಿಗೆ ಬಿಳಿ ಗುಂಡಿ ಆರಿಸಲು ಇಟ್ಟುಕೊಂಡಿದ್ದ ಡಬ್ಬಿಯಲ್ಲಿ ಕೈಯಾಡಿಸಿ ಬಿಳಿಯದೊಂದನ್ನು ಎತ್ತಿ ಹಿಡಿದಳು.

"ಇದೇನ್ರೀ, ತೂತೇ ಇಲ್ಲದ ಗುಂಡಿ?"

ಮಾಮ ಕುಂಟು ಕಾಲನ್ನು ಮೆಲ್ಲಗೆ ಮಿಷನ್ನಿನ ಹಿಂದಕ್ಕೆ ಸರಿಸಿದ.

"ಪ್ಯಾಂಟ್ ಎತ್ತಿ."

ಎತ್ತಿದ. ಒಂದರಾಚೆ ಒಂದು ಗೆರೆ!

"ಡಾಕ್ಟ್ರಮ್ಮ ಎಳೆದಿದ್ದು ಒಳಗಿಂದು. ಉಳಿದಿದ್ದು ಯಾರ ಕೈಕೆಲಸ?"

"ಅದು... ಸ್ವಲ್ಪ ಟೈಟಾಗಿತ್ತು ಕಣೇ..."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ! ನಿಮ್ಮ ಕಾಲಿನ ರೋಗಕ್ಕೆ ಆ ಮನುಷ್ಯನ ಕೋಟಿಗೆ ಕಷಾಯ!" ಎಂದವಳ ದನಿ ಥಟ್ಟನೆ ಇಳಿಯಿತು. "ಈ ಕಾಲು ನಿಂತುಹೋದ್ರೆ ನಾನು ಕತ್ತರಿಸಿದ್ದನ್ನ ಯಾರ್ರೀ ಹೊಲೀತಾರೆ?"

ಬೈಗುಳಕ್ಕೆ ಬಗ್ಗದ ಮಾಮ ಈ ಮಾತಿಗೆ ತಲೆ ತಗ್ಗಿಸಿದ.

ಇನ್ನು ಆ ಮಹಾತಾಯಿಯ ಸಾಹಸ ನೋಡಿ! ಕ್ಯಾನನ್ನು ಹುಡುಕಿ ತೆಗೆದಳು, ಕಷಾಯವನ್ನೆಲ್ಲ ಟಬ್ಬಿಗೆ ಸುರಿದು, ಬಣ್ಣ ಹಿಡಿಯಲೆಂದು ಉಪ್ಪು ಹಾಕಿ, ಕೋಟನ್ನು ಇಡಿಯಾಗಿ ಮುಳುಗಿಸಿದಳು. ಅದು ನೆನೆಯುವಷ್ಟರಲ್ಲಿ ಗಂಡನನ್ನು ಡಾಕ್ಟ್ರಮ್ಮನ ಬಳಿ ಎಳೆದುಕೊಂಡು ಹೋದಳು. "ಸದ್ಯ, ಈಗಲಾದ್ರೂ ಬಂದ್ರಲ್ಲ. ಮಾತ್ರೆ ಸರಿಯಾಗಿ ತಗೊಂಡ್ರೆ ಮಂಡಿ ಉಳಿಯುತ್ತೆ" ಎಂದು ಅವರು ಬೈದರು, ಬೊಬ್ಬೆಗೆ ಮುಲಾಮು ಕೊಟ್ಟರು, ಹೊಸ ಗೆರೆ ಎಳೆದರು. ವಾಪಸು ಬಂದವಳು ಕೋಟನ್ನು ಹಿಂಡಿ, ಬಿಸಿಲಿಗೆ ಹಾಕಿ, ಇಸ್ತ್ರಿ ಮಾಡಿ ಗುಂಡಿ ಹೊಲಿದಳು. ಚುಕ್ಕೆಗಳೆಲ್ಲ ಮಾಯ. ಇಡೀ ಕೋಟು ಹದವಾದ ಜೇನಿನ ಬಣ್ಣ!

ಬ್ಯಾಂಡ್‌ಮಾಸ್ಟರು ಬಂದು ಕಣ್ಣರಳಿಸಿದರು. "ನಾನು ಹೇಳಿದ್ದು ಬಿಳಿ ಅಲ್ವೇನಮ್ಮಾ?"

"ತಪ್ಪು ನಮ್ಮದೇ ಸಾರ್. ಒಂದು ಸಲ ಹಾಕಿ ನೋಡಿ. ಬೇಡ ಅಂದ್ರೆ ಹೊಸದು ಹೊಲಿದು ಕೊಡ್ತೀವಿ."

ಅವರು ಕನ್ನಡಿಯ ಮುಂದೆ ಆಚೆ ತಿರುಗಿದರು, ಈಚೆ ತಿರುಗಿದರು, ಎದೆ ಉಬ್ಬಿಸಿದರು. "ಇಡೀ ಬ್ಯಾಂಡಿಗೆ ಇದೇ ಬಣ್ಣ ಮಾಡಿಕೊಡ್ತೀರಾ?"

ಅವರು ಹೊರಗೆ ಹೆಜ್ಜೆಯಿಟ್ಟರೋ ಇಲ್ಲವೋ, ಮಾಮನಿಗೆ ಹೋದ ಜೀವ ಬಂತು. "ನೋಡಿದ್ಯಾ! ನನ್ನ ಕಷಾಯ ಗುಣ ಮಾಡ್ತು!"

"ಮಾಡ್ತು. ಕೋಟಿಗೆ. ನೀವು ಬಾಯಿ ತೆರೀರಿ" ಎಂದು ಅವಳು ಮಾತ್ರೆ ಹಾಕಿ, ನೀರು ಕುಡಿಸಿ, ನುಂಗಿದ್ದನ್ನು ನೋಡಿಯೇ ಬಿಟ್ಟಳು. ಇಂಥವಳನ್ನು ಪಡೆಯಲು ನಾನು ಏನು ಪುಣ್ಯ ಮಾಡಿದ್ದೆನೋ ಎಂದು ಮಾಮನ ಕಣ್ಣು ತುಂಬಿ ಬಂತು. ಅವಳು ಮೆತ್ತಗೆ ಅವನ ಕಾಲನ್ನು ಮಡಿಲಿಗೆ ಎಳೆದುಕೊಂಡಾಗಲಂತೂ ಪ್ರೀತಿಯಿಂದ ಒತ್ತುತ್ತಾಳೆಂದೇ ಕಣ್ಣು ಮುಚ್ಚಿದ.

ಮೀನಖಂಡಕ್ಕೆ ಕಚಗುಳಿಯಿಟ್ಟಂತಾಯಿತು. ಕಣ್ಣು ತೆರೆದು ನೋಡಿದರೆ ಅವಳ ಕೈಯಲ್ಲಿ ಮಾರ್ಕರ್. ಡಾಕ್ಟ್ರಮ್ಮನ ಗೆರೆಯ ಪಕ್ಕ, ಬೋರ್ಡಿನಲ್ಲಿರುವಂಥದ್ದೇ ದಪ್ಪ ಅಕ್ಷರಗಳಲ್ಲಿ ಬರೆದಿದ್ದಳು:

"ಇಲ್ಲಿ ಯಾವ ಬಗೆಯ ಆಲ್ಟರೇಷನ್ನೂ ಮಾಡಲಾಗುವುದಿಲ್ಲ."