ಮೂರನೇ ಮಹಡಿಯ ನಿವಾಸಿ

ಅಂಗವಿಕಲ ವಯಸ್ಕರಿಗೆ ಆರೈಕೆ ಸಹಿತ ಮನೆ ಒದಗಿಸುವಲ್ಲಿ ಲಾಸ್ ಏಂಜಲೀಸಿನ ವಸತಿ ನಿಯೋಜನಾ ಮಂಡಳಿಯು ಎಂದೂ ವಿಳಂಬ ಮಾಡಿದ್ದಿಲ್ಲ. ವಿಳಂಬವೆಂದರೆ ಎಷ್ಟು ದಿನ ಎಂದು ತೀರ್ಮಾನಿಸುವ ಉಪಸಮಿತಿಯ ವರದಿ ಇನ್ನೂ ಬರಬೇಕಿದೆ, ಅಷ್ಟೆ.

ಪಕ್ಕದ ಪೊಮೊನಾ ಊರಿನ ಹರಿಣಿ ೨೦೨೧ರಲ್ಲಿ ಅಪ್ಲೈ ಮಾಡಿದರು. ವಯಸ್ಸು ಮೂವತ್ತೊಂದು, ಓಡಾಟ ವೀಲ್‌ಚೇರಿನಲ್ಲಿ, ಮಾತು ಚುರುಕು. ದಿನವೂ ಅವರನ್ನು ಹಾಸಿಗೆಯಿಂದ ಎತ್ತಿ ಕೂರಿಸುತ್ತಿದ್ದವರು ಎಪ್ಪತ್ತು ದಾಟಿದ ತಾಯಿ ರಾಜೇಶ್ವರಿ. ಮೂರು ವರ್ಷ ಕಳೆಯಿತು. ಒಂದು ಬೆಳಿಗ್ಗೆ ಮಗಳನ್ನು ಎತ್ತಲು ಬಗ್ಗಿದ ತಾಯಿಯ ಸೊಂಟ ಹಿಡಿದುಕೊಂಡಿತು. ಮಧ್ಯಾಹ್ನದವರೆಗೆ ಇಬ್ಬರೂ ಹಾಗೆಯೇ ಇದ್ದರು. ಆಮೇಲೆ ಹರಿಣಿ ಕೋರ್ಟಿಗೆ ಹೋದರು.

ಅರವತ್ತು ದಿನದೊಳಗೆ ಮನೆ ಕೊಡಿ ಎಂದು ಆದೇಶವಾಯಿತು. ಮಂಡಳಿ ಕೂಡಲೇ ಎಚ್ಚೆತ್ತು, ಐವತ್ತೊಂಬತ್ತನೆಯ ದಿನ ಸಮೀಕ್ಷೆ ನಡೆಸಿತು. ಖಾಲಿ ಮನೆಗಳು ಬೇಕಾದಷ್ಟಿದ್ದವು. ಎಲ್ಲವೂ ಮಂಡಳಿಯ ಮಂಜೂರಾತಿಗೆ ಕಾಯುತ್ತಿದ್ದವು. ಮಂಜೂರಾಗಿದ್ದ ಕಟ್ಟಡ ಒಂದೇ: ಮಂಡಳಿಯ ಕಚೇರಿ.

ಮರುದಿನ ಹರಿಣಿಯ ಮಂಚ, ಇಬ್ಬರು ಆರೈಕೆದಾರರ ಸಮೇತ, ಮೂರನೇ ಮಹಡಿಯ ಸಭಾಂಗಣಕ್ಕೆ ಬಂತು. ನಿಯೋಜನಾಧಿಕಾರಿ, ದಾವಣಗೆರೆ ಮೂಲದ ಓಂಪ್ರಕಾಶ್, ದಿಂಬುಗಳನ್ನು ಸ್ವತಃ ಹೊತ್ತು ತಂದರು.

“ಬಾತ್‌ರೂಮ್ ನಮ್ಮನೇದಕ್ಕಿಂತ ಚೆನ್ನಾಗಿದೆ, ಅಂಕಲ್.”

“ಮತ್ತೆ? ವೀಲ್‌ಚೇರಲ್ಲಿ ಬಂದು ವಿಚಾರಿಸಿಕೊಂಡು ವಾಪಸ್ ಹೋಗೋರಿಗೆ ಅಂತಲೇ ಕಟ್ಟಿಸಿದ್ದು ಕಣಮ್ಮ.”

ಸೋಮವಾರ ಮಂಡಳಿಯ ಸದಸ್ಯರು ಕಡತ ಹಿಡಿದು ಬಂದು ಬಾಗಿಲು ತಟ್ಟಿದರು. ಹರಿಣಿ ತಿಂಡಿ ತಿನ್ನುತ್ತಿದ್ದರು.

“ಮೀಟಿಂಗ್ ಇತ್ತಲ್ಲಮ್ಮಾ,” ಓಂಪ್ರಕಾಶ್ ತಲೆ ಕೆರೆದುಕೊಂಡರು.

“ಇದು ನನ್ನ ಬೆಡ್‌ರೂಮ್, ಅಂಕಲ್. ನಿವಾಸಿಯ ಒಪ್ಪಿಗೆ ಇಲ್ಲದೆ ಯಾರೂ ಒಳಗೆ ಬರೋ ಹಾಗಿಲ್ಲ. ನಿಮ್ಮದೇ ರೂಲು, ಹದಿನೇಳನೇದು.”

“ಹೌದು, ನಾನೇ ಬರೆದಿದ್ದು,” ಎಂದು ಓಂಪ್ರಕಾಶ್ ಹೆಮ್ಮೆಯಿಂದ ಒಪ್ಪಿ, ಮೆಲ್ಲಗೆ ಬಾಗಿಲು ಮುಚ್ಚಿದರು.

ಸಭೆಯಿಲ್ಲದ ಕಾರಣ ಯಾವ ಅರ್ಜಿಯನ್ನೂ ಮುಂದೂಡಲಾಗಲಿಲ್ಲ. ಮುಂದೂಡದ ಅರ್ಜಿ ತಿಂಗಳಾದ ಮೇಲೆ ತಾನಾಗಿ ಮಂಜೂರಾಗುತ್ತದೆಂದು ಇನ್ನೊಂದು ನಿಯಮವಿತ್ತು; ಅದಕ್ಕೆ ಕೆಲಸ ಬೀಳುತ್ತದೆಂದು ಯಾರೂ ಎಣಿಸಿರಲಿಲ್ಲ. ಆ ತಿಂಗಳು ಇನ್ನೂರ ಹನ್ನೆರಡು ಜನರಿಗೆ ಮನೆ ಸಿಕ್ಕಿತು. ಮಂಡಳಿ ತನ್ನ ಸಾಧನೆಯನ್ನು ಪ್ರಕಟಿಸಿತು. ಅಧ್ಯಯನಕ್ಕೆಂದು ಸ್ಯಾನ್ ಡಿಯೇಗೊದಿಂದ ಬಂದ ಅಧಿಕಾರಿಗಳು ಮಂಚದ ಉದ್ದಗಲ ಅಳೆದುಕೊಂಡು ಹೋದರು.

ಆದರೂ ಮಂಡಳಿಗೆ ಸಭೆ ಬೇಕಲ್ಲ. ಬಹಳ ಹುಡುಕಿದ ಮೇಲೆ ಪೊಮೊನಾದಲ್ಲಿ ಹರಿಣಿ ತೆರವು ಮಾಡಿದ ಕೋಣೆಯೇ ಸೂಕ್ತವೆಂದು ಕಂಡುಬಂತು. ಈಗ ತಿಂಗಳಿಗೊಮ್ಮೆ ಹನ್ನೊಂದು ಮಂದಿ ಸದಸ್ಯರು ಶೂ ಹೊರಗೆ ಬಿಟ್ಟು ಒಳಗೆ ಕೂರುತ್ತಾರೆ. ಸೊಂಟ ನೆಟ್ಟಗಾಗಿರುವ ರಾಜೇಶ್ವರಿ ತುಪ್ಪ ಸುರಿದು ಬಿಸಿಬೇಳೆ ಬಾತ್ ಬಡಿಸುತ್ತಾರೆ. ಕಡತ ಬಿಚ್ಚುವ ಹೊತ್ತಿಗೆ ಎಲ್ಲರಿಗೂ ಜೊಂಪು ಹತ್ತುತ್ತದೆ. ಅದನ್ನು ನಡಾವಳಿಯಲ್ಲಿ ‘ಯಾರ ಆಕ್ಷೇಪಣೆಯೂ ಇಲ್ಲ’ ಎಂದು ದಾಖಲಿಸಲಾಗುತ್ತದೆ.

“ಅಮ್ಮಾ, ಎಬ್ಬಿಸಿಬಿಟ್ಟೀಯ,” ಎನ್ನುತ್ತಾರೆ ಫೋನಿನಲ್ಲಿ ಹರಿಣಿ.

“ನಾನ್ಯಾಕೆ ಎಬ್ಬಿಸಲಿ? ಒಬ್ಬರು ಕಣ್ಣು ಬಿಟ್ಟಿದ್ರು. ಇನ್ನೊಂದು ಸೌಟು ಹಾಕಿದೆ.”