ತುಂಬಿದ ಡಿಸ್ಕು, ಖಾಲಿ ಖೋಲಿ

ಕಂಪ್ಯೂಟರ್ ತುಂಬಿ ತುಳುಕಿದಾಗ ಮಾತ್ರ ಜನರಿಗೆ ನನ್ನ ನೆನಪಾಗುತ್ತದೆ. ಹಾಗಾಗಿ ಈ ಕೆಳಗಿನಂಥ ಪ್ರಸಂಗಗಳಿಗೆ ನನ್ನಲ್ಲಿ ಬರವಿಲ್ಲ. ಜಲನಗರದಲ್ಲಿ ಒಂದು ಖೋಲಿ, ಒಬ್ಬನೇ ವಾಸ. ಸುತ್ತಲಿನ ಅಂಗಡಿ, ಲ್ಯಾಬುಗಳ ಲಿನಕ್ಸ್ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಡಿಸ್ಕು ನೂರಕ್ಕೆ ತೊಂಬತ್ತು ತುಂಬಿದರೆ ಅಲ್ಲಿ ಕೆಂಪು ಎಚ್ಚರಿಕೆ ಬರುತ್ತದೆ, ಇಲ್ಲಿ ನನ್ನ ಫೋನು ಬಡಿದುಕೊಳ್ಳುತ್ತದೆ. ಫೋನು ಬಾರದ ದಿನ ನಾನು ಯಾರ ಜೊತೆಗೂ ಮಾತಾಡಿರುವುದಿಲ್ಲ. ಹೇಳಲು ನಾಚಿಕೆ, ಆದರೆ ನಿಜ.

೧. ಕಸ ವಾಪಸ್

ಸಿದ್ಧೇಶ್ವರ ಗುಡಿ ಹತ್ತಿರದ ಸೀರೆ ಅಂಗಡಿ. ಡಿಸ್ಕಿನಲ್ಲಿ ಕ್ಯಾಶೆ ಎಂಬ ಫೋಲ್ಡರ್ ಬೆಳೆದಿತ್ತು. ಸಾಹುಕಾರರು, "ಇದೇನ್ ಕಸಾರಿ? ಎಲ್ಲಾ ಬಳದು ಒಗೀರಿ" ಎಂದರು.

"ಕಸ ಅಲ್ರಿ. ಪದೇಪದೇ ನೋಡೂ ಸೀರಿ ಫೋಟೋ ಕೈಗೆ ಸಿಗೂವಂಗ ಇಟ್ಕೊಂಡೈತಿ. ಗಿರಾಕಿ ಕೇಳೂ ಸೀರಿ ನೀವು ಗಲ್ಲೇದ ಬಾಜೂಕ ಇಟ್ಟಂಗ. ಹಳೇವಷ್ಟ ತೆಗದ್ರ ಸಾಕು."

ಕೇಳಲಿಲ್ಲ. ಎಲ್ಲವನ್ನೂ ಬಳಿದೆ. ಮರುದಿನ ಒಂದೊಂದು ಸೀರೆಯ ಫೋಟೋ ತೆರೆಯುವಷ್ಟರಲ್ಲಿ ಗಿರಾಕಿಗಳು ಆಕಳಿಸತೊಡಗಿದರು. ಫೋನು ಬಂತು: "ನಮ್ಮ ಕಸ ಒಯ್ದೀರಲ್ರಿ, ವಾಪಸ್ ತಂದ್ ಹಾಕ್ರಿ!"

೨. ಬಾಗಿಲಲ್ಲಿ ನಿಂತ ಫೈಲು

ಬಬಲೇಶ್ವರದ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕಂಪ್ಯೂಟರು ತನ್ನ ದಿನಚರಿ ಬರೆದಿಡುವ ದೊಡ್ಡದೊಂದು ಲಾಗ್ ಫೈಲು ಅಳಿಸಿದೆ. ಆದರೂ ಡಿಸ್ಕು ಸಡಿಲಾಗಲಿಲ್ಲ. ಅಲ್ಲಿನ ಅಕ್ಕಾವರಿಗೆ ಹೇಳಿದೆ: "ಹೆಸರು ಹೋಗೇತ್ರಿ, ಆದ್ರ ಒಂದು ಪ್ರೋಗ್ರಾಂ ಇನ್ನೂ ಅದನ್ನ ಹಿಡಕೊಂಡೈತಿ. ಅದನ್ನ ಬಂದ್ ಮಾಡಿ ಚಾಲೂ ಮಾಡಿದ್ರಷ್ಟ ಜಾಗಾ ಬಿಡತೈತಿ."

"ನಮ್ಮ ಬೀಗರೂ ಹಿಂಗರಿ. ಹೋಗಿ ಬರ್ತೀವಿ ಅಂತ ಏಳ್ತಾರ, ಬಾಗಿಲದಾಗ ತಾಸುಗಟ್ಟಲೆ ನಿಂದರ್ತಾರ. ಅವರನ್ನೂ ಬಂದ್ ಮಾಡಿ ಚಾಲೂ ಮಾಡಾಕ ಬರ್ತೈತೇನ್ರಿ?"

ಬಿದ್ದು ಬಿದ್ದು ನಕ್ಕೆ. ಬ್ಯಾಗು ಹೆಗಲಿಗೇರಿಸಿ "ಬರ್ತೀನ್ರಿ" ಎಂದು, ಅದೇ ಬಾಗಿಲಲ್ಲಿ ಮುಕ್ಕಾಲು ತಾಸು ನಿಂತೆ.

೩. ಒಂದು ಹಿಡಿ

ಟಿಕೋಟಾದಲ್ಲಿ ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜ್ ನಡೆಸುವ ಹಿರಿಯಾಕೆಯನ್ನು ಎಲ್ಲರೂ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ. ಮೊದಲ ಸಲ ಹಳೆಯ ಫೈಲುಗಳನ್ನು ಅಳಿಸುವಾಗ ನನ್ನ ಕೈ ತಡೆದರು. "ಯಪ್ಪಾ, ಕಣಜ ಪೂರ್ತಿ ಬಳೀಬಾರ್ದು. ಒಂದ್ ಹಿಡಿ ಬಿಡು." ಯಾತಕ್ಕೂ ಬಾರದ ಒಂದು ಫೈಲು ಬಿಟ್ಟೆ. ಅದನ್ನು ಪರದೆಯ ಮೇಲೆ ಕಣ್ಣಾರೆ ನೋಡಿದ ಮೇಲೆಯೇ ನನಗೆ ರೊಟ್ಟಿ, ಕಡಲೆಹಿಟ್ಟಿನ ಝುಣಕ ಬಡಿಸಿದರು.

ಆಮೇಲೆ ನನ್ನ ಕಾಲಿನ ಮೇಲೆ ನಾನೇ ಕಲ್ಲು ಹಾಕಿಕೊಂಡೆ. ಹಳೆಯ ಫೈಲು ತಾನಾಗಿಯೇ ಅಳಿಯುವಂತೆ ಎಲ್ಲ ಕಡೆ ಏರ್ಪಾಡು ಮಾಡಿದೆ. ಡಿಸ್ಕು ತುಂಬುವುದು ನಿಂತಿತು, ಫೋನೂ ನಿಂತಿತು. ವಾರಗಟ್ಟಲೆ ಖೋಲಿಯಲ್ಲಿ ಫ್ಯಾನಿನ ಸದ್ದೊಂದೇ. ತಡೆಯಲಾರದೆ, ಕಾಕು ಅವರ ಕಂಪ್ಯೂಟರಿನ ಎಚ್ಚರಿಕೆಯ ಗಡಿಯನ್ನು ಖೋಲಿಯಿಂದಲೇ ತೊಂಬತ್ತರಿಂದ ನಲವತ್ತಕ್ಕೆ ಇಳಿಸಿದೆ.

ಮರುದಿನವೇ ಫೋನು. ಹೋದೆ, ಏನೋ ಒತ್ತಿದಂತೆ ಮಾಡಿದೆ, ಉಂಡು ಬಂದೆ. ಮೂರನೆಯ ಸಲ ಕಾಕು ಚಸ್ಮಾ ಹಾಕಿಕೊಂಡು, ಡಿಸ್ಕು ಎಷ್ಟು ತುಂಬಿದೆಯೆಂದು ತೋರಿಸುವ ಪರದೆಯ ಪಟ್ಟಿಯನ್ನು ಬಗ್ಗಿ ನೋಡಿದರು.

"ಯಪ್ಪಾ, ಈ ಪಟ್ಟಿ ಅರ್ಧಾನೂ ತುಂಬಿಲ್ಲ. ಮತ್ಯಾಕ ಬಾಯಿ ಮಾಡಾಕತ್ತೈತಿ?"

ಸುಳ್ಳು ಬಾಯಿಗೆ ಬರಲಿಲ್ಲ. "ನಾನ ಮಾಡೇನ್ರಿ ಕಾಕು. ಯಾರೂ ಕರೀವಲ್ರು. ಒಬ್ಬಾಂವನ ಕುಂತು ಬ್ಯಾಸರಾತು."

ಕಾಕು ಚಸ್ಮಾ ತೆಗೆದು ಮಡಚಿಟ್ಟರು. "ಮೊದಲ ತೊಂಬತ್ತಕ್ಕ ಇಡು" ಎಂದರು. ಇಟ್ಟೆ. ಇರುವ ಒಂದು ಮನೆಯನ್ನೂ ಕಳೆದುಕೊಂಡೆನೆಂದು ದಾರಿಯುದ್ದಕ್ಕೂ ಬಸ್ಸಿನ ಕಿಟಕಿಗೆ ಮುಖ ಮಾಡಿ ಕೂತೆ.

ಮುಂದಿನ ಸೋಮವಾರ ಅವರದೇ ಫೋನು. ಗಾಬರಿಯಿಂದ ಕೇಳಿದೆ: "ಡಿಸ್ಕ್ ತುಂಬಿತೇನ್ರಿ?"

"ಅದು ಆರಾಮೈತಿ. ರೊಟ್ಟಿ ಬುಟ್ಟಿ ತೊಂಬತ್ತು ತುಂಬೇತಿ, ಲಗೂನ ಬಂದು ಖಾಲಿ ಮಾಡು. ಆದ್ರ ಒಂದ್ ರೊಟ್ಟಿ ಬಿಡು ಯಪ್ಪಾ. ಪೂರ್ತಿ ಬಳೀಬಾರ್ದು."