ಕೋಟೆಯ ನೆಲಮಾಳಿಗೆಗೆ ನಾನು ದೀಪ ಇಳಿಸಿದ್ದು

ನೆಲದೊಳಗೆ ಇಳಿಯುವ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಇಡೀ ಆಳಂದ ತಾಲ್ಲೂಕಿನಲ್ಲಿ ಯಾರೂ ಇಲ್ಲ. ಇದು ಜಂಬವಲ್ಲ, ಇದ್ದ ಸಂಗತಿ.

ನಾನು ಮಾದನಹಿಪ್ಪರಗಾಕ್ಕೆ ಸೊಸೆಯಾಗಿ ಬಂದಾಗ ನಮ್ಮ ಅಂಗಳದಲ್ಲಿ ದೊಡ್ಡದೊಂದು ಹಗೇವು ಇತ್ತು. ಈಗಿನ ಮಕ್ಕಳಿಗೆ ಹಗೇವು ಅಂದರೆ ಗೊತ್ತಿಲ್ಲ. ನೆಲದಲ್ಲಿ ಆಳವಾಗಿ ತೋಡಿದ ಗುಂಡಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಅದರಲ್ಲಿ ವರ್ಷದ ಜೋಳ ತುಂಬಿ, ಮೇಲೆ ಕಲ್ಲು ಮುಚ್ಚಿ, ಮಣ್ಣು ಮೆತ್ತುತ್ತಿದ್ದರು. ಜೋಳ ತೆಗೆಯಬೇಕಾದರೆ ಯಾರಾದರೂ ಒಳಗೆ ಇಳಿಯಬೇಕಲ್ಲ? ಮನೆಯಲ್ಲಿ ಎಲ್ಲರಿಗಿಂತ ಸಣಕಲಿ ನಾನು. ಸೊಂಟಕ್ಕೆ ಹಗ್ಗ ಕಟ್ಟಿ ನನ್ನನ್ನೇ ಇಳಿಸುತ್ತಿದ್ದರು. ಈಗ ಇಳಿಸಿದರೆ ಬಾಯಲ್ಲೇ ಸಿಕ್ಕಿಕೊಳ್ಳುತ್ತೇನೆ, ಆ ಮಾತು ಬೇರೆ!

ಇಳಿಯುವ ಮೊದಲು ಒಂದು ಕಟ್ಟಳೆ ಇತ್ತು. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ. ಅದಕ್ಕೇ ಮೊದಲು ಹಗ್ಗ ಕಟ್ಟಿ ದೀಪ ಇಳಿಸುವುದು. ದೀಪ ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಅಂದು ಗಂಜಿ ಕುಡಿದು ಮಲಗುವುದು. ನಮ್ಮ ಚಿಕ್ಕಮಾವ ಒಮ್ಮೆ ಅವಸರ ಮಾಡಿ ದೀಪ ಇಳಿಸದೆಯೇ ಇಳಿದ. ಮೇಲೆ ಎಳೆದಾಗ ಜೀವ ಇತ್ತು, ಬುದ್ಧಿ ಇರಲಿಲ್ಲ. ಮೊದಲೂ ಅಷ್ಟೇನೂ ಇರಲಿಲ್ಲ ಎನ್ನಿ. ಆದರೂ ಅಂದಿನಿಂದ ನನ್ನ ತಲೆಯಲ್ಲಿ ಒಂದು ಮಾತು ಕೂತುಬಿಟ್ಟಿತು: ದೀಪ ಮೊದಲು, ಕಾಲು ಆಮೇಲೆ.

ನಾನು ಓದಿದ್ದು ಮೂರನೇ ಇಯತ್ತೆಯವರೆಗೆ. ಅದರಲ್ಲೂ ಎರಡನೆಯದನ್ನು ಎರಡು ಸಲ ಓದಿದ್ದೇನೆ. ಆದರೆ ನನ್ನ ಮೊಮ್ಮಗಳು ಸುವರ್ಣಾ ಬೀದರದಲ್ಲಿ ದೊಡ್ಡ ಓದು ಓದಿದಳು. ಓದಿ, ಕೋಟೆ ನೋಡಲು ಬರುವ ಮಂದಿಗೆ ಅದನ್ನು ತೋರಿಸಿ ವಿವರಿಸುವ ಗೈಡ್ ಆಗುತ್ತೇನೆ ಎಂದು ಕೂತಳು. ನನಗೆ ನಗು ಬಂತು. ಈ ಹುಡುಗಿ ಸಣ್ಣವಳಿದ್ದಾಗ ಮನೆಗೆ ಬೀಗರು ಬಂದರೆ ಜೋಳದ ಚೀಲದ ಹಿಂದೆ ಅಡಗುತ್ತಿದ್ದಳು. ಹೆಸರು ಕೇಳಿದರೆ ಕಾಲಿನ ಹೆಬ್ಬೆರಳಿಗೆ ಹೇಳುತ್ತಿದ್ದಳು! ಇವಳು ಗುರುತಿಲ್ಲದ ಮಂದಿಯನ್ನು ಕಟ್ಟಿಕೊಂಡು ಮೂರು ತಾಸು ಮಾತಾಡುವವಳೇ?

ಆದರೂ ಒಂದು ಸಂಸ್ಥೆಯವರು ಅವಳನ್ನು ಪರೀಕ್ಷೆಗೆ ಕರೆದರು. ಒಂದು ದಿನ ಗುಂಪನ್ನು ಕರೆದುಕೊಂಡು ಕೋಟೆ ಸುತ್ತಿಸಬೇಕು. ಅವರ ಸಾಹೇಬರು ಜೊತೆಗೇ ಬಂದು ನೋಡುತ್ತಾರೆ. ಮನಸ್ಸಿಗೆ ಬಂದರೆ ನೌಕರಿ, ಇಲ್ಲದಿದ್ದರೆ ಊರಿಗೆ. ಊರಲ್ಲಿ ಅವರಪ್ಪ, ಅಂದರೆ ನನ್ನ ಮಗ, ಒಬ್ಬ ಹುಡುಗನನ್ನು ನೋಡಿ ಇಟ್ಟಿದ್ದ. ನೌಕರಿ ಸಿಕ್ಕರೆ ಮದುವೆ ಮಾತು ಮುಂದಕ್ಕೆ, ಸಿಗದಿದ್ದರೆ ಬರುವ ತಿಂಗಳೇ ಬಾಸಿಂಗ! ಹುಡುಗಿ ಫೋನಿನಲ್ಲಿ ಅಳುವುದೊಂದು ಬಾಕಿ.

"ನಾ ಬರ್ತೇನಿ, ಅಂಜಬ್ಯಾಡ" ಎಂದೆ.

"ಬ್ಯಾಡ ಆಯಿ! ಸಂಬಂಧಿಕರು ಯಾರೂ ಬರಬಾರ್ದು ಅಂತ ಸಾಹೇಬ್ರು ಹೇಳ್ಯಾರ. ನೀ ಬಂದಿ ಅಂದ್ರ ಸುಮ್ನ ಇರಾಕಿ ಅಲ್ಲ."

"ನಾ ಯಾವತ್ತು ಸುಮ್ನ ಇಲ್ಲ?"

ಆ ಕಡೆ ಫೋನು ಕಟ್ ಆಯಿತು.

ಬರಬೇಡ ಎಂದ ಮೇಲೆ ಹೋಗದೆ ಇರುವುದು ಹೇಗೆ? ಪಕ್ಕದ ಮನೆಯ ಹುಸೇನಬಿಗೂ ಬೀದರದ ದರ್ಗಾಕ್ಕೆ ಹರಕೆ ತೀರಿಸುವುದಿತ್ತು. ಹೆಂಗಸರಿಗೆ ಬಸ್ಸು ಪುಕ್ಕಟೆ. ಅವಳು ಊದುಬತ್ತಿ, ಬೆಂಕಿಪೆಟ್ಟಿಗೆ ಕಟ್ಟಿಕೊಂಡಳು. ನಾನು ರೊಟ್ಟಿ, ಉಪ್ಪಿನಕಾಯಿ ಕಟ್ಟಿಕೊಂಡೆ. ಹಿಂದಿನ ದಿನವೇ ಹೋಗಿ ಅವಳ ತಂಗಿಯ ಮನೆಯಲ್ಲಿ ಉಳಿದು, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕೋಟೆಯ ಬಾಗಿಲಲ್ಲಿ ಟಿಕೀಟು ತೆಗೆಸಿ ನಿಂತೆವು.

ಸುವರ್ಣಾ ನನ್ನನ್ನು ನೋಡಿದಳು. ಮುಖ ಹಿಂಡಿದ ನಿಂಬೆಯಾಯಿತು. ಮಂದಿಯ ಕಡೆ ನಗುತ್ತಲೇ ನನ್ನ ಹತ್ತಿರ ಬಂದು ಹಲ್ಲಿನ ಸಂದಿಯಲ್ಲಿ ಹೇಳಿದಳು: "ನೀ ಯಾರೋ, ನಾ ಯಾರೋ. ಬಾಯಿ ಬಿಟ್ಟಿ ಅಂದ್ರ ನೋಡು!"

ನಾನು ಮಾತಿಗೆ ತಪ್ಪುವವಳಲ್ಲ. ಆದರೆ ನನ್ನ ಬಾಯಿಯ ಮೇಲೆ ನನಗೇ ಭರವಸೆ ಇಲ್ಲ. ಅದಕ್ಕೆ ಸದರಿ ಬಾಯಿಯನ್ನು ಮುಚ್ಚಿಸಲು ಒಂದು ಉಪಾಯ ಮಾಡಿದೆ. ನಾಲ್ಕು ಎಲೆ, ಎರಡು ಅಡಿಕೆ, ಬೆರಳ ತುದಿಯಷ್ಟು ಸುಣ್ಣ, ಮೇಲಿಷ್ಟು ತಂಬಾಕು ಎಲ್ಲವನ್ನೂ ಒಟ್ಟಿಗೇ ತುರುಕಿಕೊಂಡೆ. ಒಳಗಿನಿಂದ ಒಂದು ಅಕ್ಷರವೂ ಹೊರಗೆ ಬರುವಂತಿರಲಿಲ್ಲ.

ಒಳಗೆ ಹೋದ ಮೇಲೆ ಗೋಡೆಯ ಮೇಲೆ ಒಂದು ಬೋರ್ಡು ಕಂಡಿತು. ಕೂಡಿಸಿ ಕೂಡಿಸಿ ಓದಿದೆ. ಇ-ಲ್ಲಿ ಉ-ಗು-ಳ-ಬಾ-ರ-ದು. ಓದಿ ಮುಗಿಸುವಷ್ಟರಲ್ಲಿ ಬಾಯಿ ತುಂಬಿತ್ತು!

ಸುವರ್ಣಾ ಮಾತಿಗೆ ನಿಂತಳು. ಮೊದಲ ಎರಡು ಮಾತು ಹೆಬ್ಬೆರಳಿಗೇ ಹೇಳಿದಳು. ಮೂರನೆಯ ಮಾತಿಗೆ ತಲೆ ಎತ್ತಿದಳು. ಆಮೇಲೆ ಇಳಿಸಲಿಲ್ಲ. ಗಟ್ಟಿ ಬಂಡೆಯನ್ನೇ ಕಡಿದು ಕೋಟೆಯ ಸುತ್ತ ಕಂದಕ ತೋಡಿದ್ದನ್ನು ತೋರಿಸಿದಳು. ಒಂದಲ್ಲ, ಸಾಲಿಗೆ ಮೂರು! ಒಂದು ಮಹಲಿನಲ್ಲಿ ಕಪ್ಪು ಕಲ್ಲು ಕೊರೆದು ಮುತ್ತಿನ ಚಿಪ್ಪನ್ನು ಬಳ್ಳಿಯಂತೆ ಕೂಡಿಸಿದ್ದರು. ಎಷ್ಟು ಕಾಲವಾಗಿದೆಯೋ, ಇನ್ನೂ ಮಿಣಮಿಣ ಎನ್ನುತ್ತದೆ. ನನ್ನ ಸೊಸೆ ಅಂಗಿಗೆ ಹಚ್ಚಿದ ಗುಂಡಿ ಎರಡು ದಿನ ನಿಲ್ಲುವುದಿಲ್ಲ. ಈ ಮಂದಿ ಕಲ್ಲಿಗೆ ಚಿಪ್ಪು ಹಚ್ಚಿ ಹೋಗಿದ್ದಾರೆ! ಎಂಥ ಕೈ ಅವು!

ಸಾಹೇಬರು ಹಾಲಿನಂಥ ಬಿಳಿ ಅಂಗಿ ಹಾಕಿದ್ದರು. ಇಸ್ತ್ರಿಯ ಗೆರೆ ಮುಟ್ಟಿದರೆ ಕೈ ಕೊಯ್ಯುವಂತಿತ್ತು. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತ ನನ್ನ ಊದಿದ ಕೆನ್ನೆ ನೋಡಿ ಕೇಳಿದರು: "ಯಾಕ್ರಿ ಅಜ್ಜಿ, ಹಲ್ಲು ನೋವೇನ್ರಿ?"

ನಾನು ಹೂಂ ಎಂದು ತಲೆ ಆಡಿಸಿದೆ.

ಹುಸೇನಬಿ ಸುಮ್ಮನಿರಬೇಕಲ್ಲ? "ಹೌದ್ರಿ ಸಾಹೇಬ್ರ, ಕೀಳಸಬೇಕಾಗೇದ. ನಾಲಿಗಿನೂ ಸೈತ!"

ಇಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಕತ್ತಲೆಯ ಬಾಯಿ ಬಂತು. ಕಲ್ಲಿನ ಮೆಟ್ಟಿಲುಗಳು ನೆಲದೊಳಕ್ಕೆ ಇಳಿದಿದ್ದವು. ಕೆಳಗೆ ಕೋಣೆಯೊಳಗೆ ಕೋಣೆ ಇವೆಯಂತೆ. ಸುವರ್ಣಾ, "ಈಗ ನಾವು ನೆಲದೊಳಗಿನ ಕೋಣೆಗಳಿಗೆ ಇಳಿಯೋಣ. ನಿಧಾನಕ್ಕೆ, ಒಬ್ಬೊಬ್ಬರಾಗಿ ಬರ್ರಿ" ಎಂದು ಮೊದಲ ಮೆಟ್ಟಿಲಿಗೆ ಕಾಲಿಟ್ಟಳು.

ದೀಪ ಇಳಿಸಿರಲಿಲ್ಲ!

ನನ್ನ ಕಣ್ಣ ಮುಂದೆ ಚಿಕ್ಕಮಾವ ಬಂದು ನಿಂತ. ಸುವರ್ಣಾಳ ಮಾತು, ಬೋರ್ಡು ಎಲ್ಲ ಮರೆತು ಹೋಯಿತು. "ನಿಲ್ರಿ!" ಎಂದು ಕೂಗಿದೆ.

ಕೂಗು ಬರುವ ಮೊದಲು ನಾಲ್ಕು ಎಲೆ, ಎರಡು ಅಡಿಕೆ ಹೊರಗೆ ಬಂದವು. ನನ್ನ ಎದುರಿಗೇ ಸಾಹೇಬರು ನಿಂತಿದ್ದರು. ಹೋಳಿ ಹುಣ್ಣಿಮೆಗೆ ಇನ್ನೂ ಎರಡು ತಿಂಗಳಿತ್ತು. ಅವರಿಗೆ ಅಂದೇ ಆಯಿತು!

ಸಾಹೇಬರು ತಮ್ಮ ಅಂಗಿಯನ್ನು ನೋಡಿಕೊಂಡರು. ನನ್ನನ್ನು ನೋಡಿದರು. ಬೈಯದೆ ನೀರು ಹುಡುಕಿಕೊಂಡು ಹೋದರು. ಒಳ್ಳೆಯ ಮನುಷ್ಯರು.

"ಏನ್ ಮಾಡಿದ್ರಿ ಅಜ್ಜೀ!" ಎಂದಳು ಸುವರ್ಣಾ. ಹುಟ್ಟಿದಾಗಿನಿಂದ 'ಆಯಿ' ಎನ್ನುವವಳು ಈಗ ಗುರುತಿಲ್ಲದವರಂತೆ 'ಅಜ್ಜೀ' ಎಂದಳು! ಆದರೆ ಬಾಯಿ ಹೇಗೂ ಖಾಲಿಯಾಗಿತ್ತು. ಇನ್ನು ತಡೆಯುವವರು ಯಾರು?

"ದೀಪ ಇಳಸಲಾರ್ದ ಇಳೀಬ್ಯಾಡ್ರಿ! ಕೆಟ್ಟ ಗಾಳಿ ಇರ್ತದ. ಜೀವ ಹೋಗ್ತದ!"

"ದಿನಾ ಮಂದಿ ಇಳೀತಾರ್ರಿ ಅಜ್ಜಿ."

"ಇಳದವರನ್ನ ನೋಡೀಯವಾ. ಹತ್ತಿ ಬಂದವರನ್ನ ಎಣಿಸೀಯೇನು?"

ಗುಂಪು ಎರಡು ಹೆಜ್ಜೆ ಹಿಂದೆ ಸರಿಯಿತು. ಅದರಲ್ಲಿ ಅಫಜಲಪುರ ತಾಲ್ಲೂಕಿನ ಕರಜಗಿಯ ಮಾಸ್ತರರೊಬ್ಬರು ಹೆಂಡತಿಯ ಜೊತೆ ಬಂದಿದ್ದರು. "ಖರೇ ಅದರೀ" ಎಂದರು ಅವರು. "ನಮ್ಮೂರಾಗೂ ಹಗೇವಿಗೆ ದೀಪ ಇಳಸ್ತಿದ್ರು. ನಾ ಅಂತೂ ಇಳಿಯಾಂಗಿಲ್ಲ." ಓದಿದವರೇ ಹೀಗೆಂದ ಮೇಲೆ ಉಳಿದವರೂ ನೆಲಕ್ಕೆ ಬೇರು ಬಿಟ್ಟು ನಿಂತರು. ಸುವರ್ಣಾ ಒಬ್ಬಳೇ ಮೆಟ್ಟಿಲ ಮೇಲೆ ನಿಂತಿದ್ದಳು. ಅವಳ ನೌಕರಿ ಕಣ್ಣೆದುರೇ ಹಗೇವಿಗೆ ಬೀಳುತ್ತಿತ್ತು. ಬೀಳಿಸಿದವಳು ನಾನು. ಆದರೆ ಆಗ ನನಗೆ ಅದು ಹೊಳೆಯಲಿಲ್ಲ. ಹೊಳೆದದ್ದು ಒಂದೇ: ದೀಪ ಎಲ್ಲಿ ಸಿಗುತ್ತದೆ?

ರೊಟ್ಟಿಯ ಡಬ್ಬಿಯ ಮುಚ್ಚಳ ತೆಗೆದೆ. ಗಂಟಿನ ಬಟ್ಟೆ ಹರಿದು ಬತ್ತಿ ಹೊಸೆದೆ. ಗಂಟು ಕಟ್ಟಿದ ಹಗ್ಗವನ್ನು ಮುಚ್ಚಳಕ್ಕೆ ಬಿಗಿದೆ. ಎಣ್ಣೆ ಬೇಕಲ್ಲ? ಉಪ್ಪಿನಕಾಯಿಯ ಬಾಟಲಿ ಬಗ್ಗಿಸಿದೆ.

"ಯಾ ಅಲ್ಲಾ! ನೀಲಮ್ಮ, ಅದು ಉಪ್ಪಿನಕಾಯಿ ಎಣ್ಣಿ ಅದ ಬೇ!" ಎಂದಳು ಹುಸೇನಬಿ.

"ಎಣ್ಣಿ ಅಂದ್ರ ಎಣ್ಣಿ. ಕಡ್ಡಿಪೆಟಗಿ ತಾ."

"ಇಲ್ಲಿ ಬೆಂಕಿ ಹಚ್ಚಂಗಿಲ್ಲ!" ಎಂದು ಸುವರ್ಣಾ ಮೇಲೆ ಓಡಿ ಬರುವಷ್ಟರಲ್ಲಿ ನಾನು ಹಚ್ಚಿ, ಇಳಿಸಿಯೂ ಆಗಿತ್ತು.

ನನ್ನ ಲೆಕ್ಕದ ಪ್ರಕಾರ ಹೊಗೆ ಮೇಲೆ ಬರಬೇಕು. ಬರಲಿಲ್ಲ. ಖಾರದ ಪುಡಿ ಚಟಪಟ ಎಂದು ಸುಟ್ಟು ಎದ್ದ ಕರಿ ಹೊಗೆ, ಯಾರೋ ಕೈ ಹಿಡಿದು ಕರೆದಂತೆ ನೆಟ್ಟಗೆ ಒಳಗೆ ಹೋಯಿತು. ಸ್ವಲ್ಪ ಹೊತ್ತು ಎಲ್ಲ ಶಾಂತ. ಆಮೇಲೆ ಒಳಗೆ ಒಣ ಎಲೆಯ ರಾಶಿಗೆ ಬಿರುಗಾಳಿ ಹೊಕ್ಕಂಥ ಸಪ್ಪಳ.

ಬಾವಲಿಗಳು!

ಒಂದಲ್ಲ, ಎರಡಲ್ಲ. ಖಾರದ ಘಾಟಿಗೆ ಹುಚ್ಚೆದ್ದು ಮೆಟ್ಟಿಲ ಬಾಯಿಂದ ಭರ್ ಎಂದು ಮುಖದ ಮೇಲೇ ಬಂದವು. ಆ ಕೋಟೆಯನ್ನು ಎಷ್ಟೋ ದಂಡು ಮುತ್ತಿವೆಯಂತೆ. ಕೋಟೆಯೇ ತಿರುಗಿ ಮಂದಿಯನ್ನು ಮುತ್ತಿದ್ದು ಬಹುಶಃ ಅಂದೇ ಮೊದಲು! ಕರಜಗಿಯ ಮಾಸ್ತರರು ಹೆಂಡತಿಯ ಸೆರಗಿನೊಳಗೆ ಹೊಕ್ಕರು. ಹುಸೇನಬಿ "ತೋಬಾ ತೋಬಾ" ಎನ್ನುತ್ತ ನನ್ನ ಹಿಂದೆ ಅಡಗಿದಳು. ನಾನು ಯಾರ ಹಿಂದೆ ಅಡಗಲಿ? ಸರಿಯಾಗಿ ಅದೇ ಹೊತ್ತಿಗೆ ಸಾಹೇಬರು ಅಂಗಿ ತೊಳೆದುಕೊಂಡು ಬಂದರು. ಒಂದು ಬಾವಲಿ ಹೋಗಿ ಅವರ ನೋಟ್‌ಬುಕ್ಕಿಗೇ ಬಡಿಯಿತು.

ಮಂದಿ ದಿಕ್ಕೆಟ್ಟು ಓಡಲು ಹೊರಟರು. ಅಲ್ಲಿ ಒಂದು ಕಡೆ ಮೆಟ್ಟಿಲು, ಇನ್ನೊಂದು ಕಡೆ ಮುರಿದ ಗೋಡೆ. ಯಾರಾದರೂ ಬಿದ್ದಿದ್ದರೆ ಕಾಲು ಮುರಿಯುತ್ತಿತ್ತು. ಆಗ ಒಂದು ಗುಡುಗು ಕೇಳಿಸಿತು.

"ಕೂಡ್ರಿ! ಎಲ್ಲಾರೂ ಇದ್ದಲ್ಲೇ ಕೂಡ್ರಿ! ತಲಿ ತಗ್ಗಸ್ರಿ! ಯಾರರೇ ಓಡಿದ್ರ ನೋಡ್ರಿ ಮತ್ತ!"

ಎಮ್ಮೆ ಹೊಲಕ್ಕೆ ನುಗ್ಗಿದಾಗ ನಾನು ಕೂಗುವ ಕೂಗು ಅದು! ಆದರೆ ಕೂಗಿದ್ದು ನಾನಲ್ಲ. ಜೋಳದ ಚೀಲದ ಹಿಂದೆ ಅಡಗುತ್ತಿದ್ದ ಸುವರ್ಣಾ. ಎಲ್ಲರಿಗಿಂತ ಮೊದಲು ಕೂತವರು ಸಾಹೇಬರು. ಎರಡನೆಯವಳು ನಾನು.

ಬಾವಲಿಗಳು ತಲೆಯ ಮೇಲಿಂದ ಹಾರಿ ಹೋದವು. ಸುವರ್ಣಾ ನನ್ನ ಕೈಯಿಂದ ಹಗ್ಗ ಕಿತ್ತುಕೊಂಡಳು. ಇನ್ನು ಸಾಹೇಬರ ಮುಂದೆ ನನ್ನನ್ನು ಬೈಯುತ್ತಾಳೆ, ಬೈದು ಅಳುತ್ತಾಳೆ ಎಂದುಕೊಂಡೆ. ಅವಳು ಬೈಯಲೂ ಇಲ್ಲ, ಅಳಲೂ ಇಲ್ಲ. ದೀಪದ ಕಡೆ ಕೈ ತೋರಿಸಿದಳು.

"ಎಲ್ಲಾರೂ ನೋಡ್ರಿ. ದೀಪ ಆರಿಲ್ಲ. ಉರಿ ಒಳಗಿನ ಕಡಿಗಿ ವಾಲೇದ, ಹೊಗಿನೂ ಒಳಗೇ ಹೋಗೇದ. ಯಾಕ? ಒಳಗ ಆ ಕಡಿ ಮೂಲ್ಯಾಗ ಮ್ಯಾಲಿನತನಕ ಒಂದು ಗಾಳಿಕಿಂಡಿ ಅದ. ಇಲ್ಲಿ ಹೊಕ್ಕ ಗಾಳಿ ಅಲ್ಲಿ ಹತ್ತಿ ಹೊರಗ ಹೋಗ್ತದ. ನಾವು ಹಗೇವಿಗೆ ಇಳಿಯೂ ಮೊದಲ ದೀಪ ಇಳಸ್ತೇವಿ. ಇದನ್ನ ಕಟ್ಟಿದವರು ಕಟ್ಟೂ ಮೊದಲೇ ಗಾಳಿ ಇಳಿಸಿದ್ರು."

ಇಷ್ಟು ಹೇಳಿ ದೀಪವನ್ನು ಮೇಲೆ ಎಳೆದು ಚಪ್ಪಲಿಯಿಂದ ಒತ್ತಿ ಆರಿಸಿದಳು. "ಇನ್ನ ಬೆಂಕಿ ಯಾರೂ ಹಚ್ಚಬ್ಯಾಡ್ರಿ. ಬರ್ರಿ."

"ವಾಹ್!" ಎಂದರು ಮಾಸ್ತರರು, ಸೆರಗಿನಿಂದ ಹೊರಗೆ ಬಂದು.

ಘಾಟು ಇಳಿದ ಮೇಲೆ ಎಲ್ಲರೂ ಅವಳ ಹಿಂದೆ ಕುರಿಯಂತೆ ಇಳಿದರು. ನಾನೂ ಇಳಿದೆ. ಹೊರಗೆ ಮಧ್ಯಾಹ್ನದ ಬಿಸಿಲು, ಒಳಗೆ ಮಣ್ಣಿನ ಕೊಡದ ಹೊಟ್ಟೆಯಷ್ಟು ತಂಪು. ಮೂಲೆಯ ಕಿಂಡಿಯಿಂದ ಒಂದು ಬೆಳಕಿನ ಕೋಲು ನೆಟ್ಟಗೆ ಇಳಿದು ನಿಂತಿತ್ತು. ಕಮಾನಿನ ಕಲ್ಲು ಒಂದಕ್ಕೊಂದು ಹೇಗೆ ಕೂತಿವೆ ಎಂದರೆ ನಡುವೆ ನನ್ನ ಉಗುರು ಹೋಗಲಿಲ್ಲ. ಜೋಳಕ್ಕೆ ಗಾಳಿ ಬೇಡ, ಅದಕ್ಕೆ ಹಗೇವಿಗೆ ಒಂದೇ ಬಾಯಿ. ಮನುಷ್ಯನಿಗೆ ಬೇಕು, ಅದಕ್ಕೆ ಇಲ್ಲಿ ಎರಡು. ಇಷ್ಟು ತಿಳಿಯಲು ನಾನು ಎಪ್ಪತ್ತು ವರ್ಷ ದಾಟಿ ಬೀದರಕ್ಕೆ ಬರಬೇಕಾಯಿತು. ಕಟ್ಟಿದವರಿಗೆ ಮನಸ್ಸಿನಲ್ಲೇ ಕೈ ಮುಗಿದೆ. ತಿಳಿಸಿ ಹೇಳಿದವಳಿಗೂ. ಕಣ್ಣಲ್ಲಿ ನೀರು ಬಂತು. ಖಾರದ ಘಾಟಿಗೆ.

ಮೇಲೆ ಬಂದ ಮೇಲೆ ಸಾಹೇಬರು ಗುಲಾಬಿ ಬಣ್ಣದ ಒದ್ದೆ ಅಂಗಿಯಲ್ಲಿ ನಿಂತು ಸುವರ್ಣಾಳನ್ನು ಕೇಳಿದರು: "ಈ ಅಜ್ಜಿ ನಿಮಗ ಬೇಕಾದವರೇನು?"

"ಇಲ್ರಿ ಸರ್. ಇವತ್ತೇ ನೋಡಿದ್ದು." ರೆಪ್ಪೆ ಅಲ್ಲಾಡಲಿಲ್ಲ!

ಸಾಹೇಬರು ನನ್ನ ಕಡೆ ತಿರುಗಿದರು. "ಹೌದ್ರಿ, ನಾನೂ ಈಕೀನ ಇವತ್ತೇ ನೋಡಿದ್ದು" ಎಂದೆ. ಅದು ಪೂರಾ ಸುಳ್ಳೇನೂ ಆಗಿರಲಿಲ್ಲ.

ಅವರು ನೋಟ್‌ಬುಕ್ಕು ಜೇಬಿಗಿಟ್ಟರು. "ಇಂಥಾ ಮಂದೀನ ಸಂಭಾಳಿಸಿದಾಕಿ ಯಾರನ್ನರೇ ಸಂಭಾಳಸ್ತಾಳ. ನಾಳಿಂದ ಬಾರವಾ ಕೆಲಸಕ್ಕ." ಎರಡು ಹೆಜ್ಜೆ ಹೋಗಿ ತಿರುಗಿದರು. "ದನಿ ಮಾತ್ರ ಇಬ್ಬರದೂ ಒಂದೇ ಅದ" ಎಂದು ಮೀಸೆಯೊಳಗೆ ನಕ್ಕು ಹೋದರು.

ಹೀಗೆ ಬಾಸಿಂಗ ಮುಂದಕ್ಕೆ ಹೋಯಿತು. ಕೋಟೆಗೆ ಮತ್ತೆ ಬರಕೂಡದೆಂದು ಸುವರ್ಣಾ ನನ್ನಿಂದ ಆಣೆ ಹಾಕಿಸಿಕೊಂಡಳು. ಕಳೆದ ತಿಂಗಳು ಹುಸೇನಬಿ ತನ್ನ ಮಗ ಸೊಸೆಯ ಜೊತೆ ಹೋಗಿ ನೋಡಿಕೊಂಡು ಬಂದಳು.

"ನಿನ್ನ ಮೊಮ್ಮಗಳು ಆ ಮೆಟ್ಟಲ ಕಡಿ ನಿಂತು ದಿನಾ ನಿನ್ನ ಸುದ್ದಿ ಹೇಳ್ತಾಳಂತ ಬೇ!"

ನಾನು ಸೆರಗು ಸರಿ ಮಾಡಿಕೊಂಡು ಕೂತೆ. "ಏನಂತ?"

"ಈ ಕ್ವಾಣ್ಯಾಗ ಮೊದಲ ಭಾಳ ಬಾವಲಿ ಇದ್ದೂರಿ, ಎಷ್ಟ ದಂಡು ಬಂದು ಹೋದ್ರೂ ಜಾಗಾ ಬಿಟ್ಟಿರಲಿಲ್ಲ. ಒಂದಿನ ಒಬ್ಬಾಕಿ ಮುದುಕಿ ಬಂದ್ಳು. ಅವತ್ತ ಹೋದವು ತಿರುಗಿ ಒಂದೂ ಬಂದಿಲ್ರಿ ಅಂತಾಳ. ಮಂದಿ ಬಿದ್ದು ಬಿದ್ದು ನಗ್ತಾರ."

"ನಮ್ಮ ಆಯಿ ಅಂದ್ಳೇನು?"

"ಎಲ್ಲೀದು! ಯಾರ್ರಿ ಆ ಮುದುಕಿ ಅಂತ ಒಬ್ಬರು ಕೇಳಿದ್ರು. ಗೊತ್ತಿಲ್ರಿ ಅಂದ್ಳು."

ಕಟ್ಟಿಸಿದ ರಾಜರ ಹೆಸರು ಆ ಕೋಟೆಯ ಕಲ್ಲಿನಲ್ಲಿದೆ. ನನಗೆ ಹೆಸರೂ ಇಲ್ಲ, ಊರೂ ಇಲ್ಲ. ನಾನು ಯಾರೆಂದು ಸರಿಯಾಗಿ ಗೊತ್ತಿರುವುದು ಬಾವಲಿಗಳಿಗೆ ಮಾತ್ರ!